ಹಟ್ಟಿಯಲ್ಲಿ ಕರೆಯಬಾರದ ಹೆಸರು

"ಭಾನುವಾರಕ್ಕೆ ಹೆಸರು ಯುಲ್ವಾ ಅಂತಲೇ ತಾನೆ? ಈಗಲೇ ಬರೆದುಕೊಂಡುಬಿಡ್ತೀನಿ," ಎಂದು ಪಾದ್ರಿ ಹೆಡ್ಮನ್ ಜೇಬಿನಿಂದ ಪೆನ್ನು ತೆಗೆದರು. ಅವರ ಬಟ್ಟಲಿಗೆ ಕಾಫಿ ಬಗ್ಗಿಸುತ್ತಿದ್ದ ಬ್ರಿಟಾ ಬಗ್ಗಿಸುತ್ತಲೇ ಇದ್ದಳು. ಬಟ್ಟಲು ತುಂಬಿತು, ತಟ್ಟೆ ತುಂಬಿತು, ಕಾಫಿ ಕಸೂತಿಯ ಮೇಜುಬಟ್ಟೆಯ ಮೇಲೆ ಹರಿದು ಏಳು ಬಗೆಯ ಬಿಸ್ಕತ್ತುಗಳಿದ್ದ ಹರಿವಾಣದ ಅಡಿಗೆ ಸೇರಿತು. ನಾಲ್ಕು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸೊಸೆ ಗುನಿಲ್ಲಾ ಗಂಡನ ಕಡೆ ನೋಡಿದಳು. ಗಂಡ ಹಾಲ್ವರ್ ಕಿಟಕಿಯ ಕಡೆ ನೋಡಿದ. ಆಗ ಅವಳಿಗೆ ಎಲ್ಲ ಅರ್ಥವಾಗಿಹೋಯಿತು... ಈ ಮಹಾಶಯ ಇಷ್ಟು ದಿನವಾದರೂ ತನ್ನ ತಾಯಿಗೆ ಮಗುವಿನ ಹೆಸರು ಹೇಳಿಯೇ ಇಲ್ಲ.

"ಏನು ಹೆಸರು ಅಂದ್ರಿ ಪಾದ್ರಿಗಳೇ?" ಬ್ರಿಟಾ ಕೆಟಲನ್ನು ಕೆಳಗಿಟ್ಟಳು. "ಬೇಡ, ಇನ್ನೊಂದು ಸಲ ಹೇಳಬೇಡಿ. ಕೇಳಿಸ್ತು."

"ಅಮ್ಮಾ, ಅದು ಏನಾಯ್ತು ಅಂದ್ರೆ..."

"ನೀನು ಸುಮ್ನಿರು. ಕೆಳಗೆ ಊರಿನ ಚರ್ಚಲ್ಲಾಗಿದ್ರೆ ಹಲ್ಲು ಕಚ್ಕೊಂಡು ಕೇಳಿಸ್ಕೋತಿದ್ನೇನೋ. ಈ ಭಾನುವಾರದ ಪ್ರಾರ್ಥನೆ ಬೆಟ್ಟದ ಮೇಲಿನ ಹಟ್ಟೀಲಿ. ಹಟ್ಟಿ ಅಂಗಳದಲ್ಲಿ ನಿಂತ್ಕೊಂಡು, ಕಾಡಿನ ಎದುರಿಗೆ, ಅದರ ಹೆಸರು ಹಿಡಿದು ಕರೀತೀರಾ? ಅದೂ ನನ್ನ ಮೊಮ್ಮಗಳ ತಲೆ ಮೇಲೆ ನೀರು ಹಾಕಿ?"

ಪಾದ್ರಿಗಳು ಇಂಥ ಮನೆಗಳನ್ನು ಎಷ್ಟೋ ಕಂಡವರು. ಏಳು ಬಗೆಯಲ್ಲಿ ಎರಡನ್ನಷ್ಟೇ ಮುಟ್ಟಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಭಾನುವಾರ ಅಲ್ಲಿಯೇ ಕೇಳಿಕೊಳ್ಳುತ್ತೇನೆ ಎಂದು ಹೇಳಿ ಟೋಪಿ ಹಾಕಿಕೊಂಡು ಹೊರಟುಹೋದರು.

ಬೇಸಿಗೆ ಬಂದರೆ ಡಾಲಾರ್ನಾ ಸೀಮೆಯ ಹಸು, ಕುರಿ, ಮೇಕೆಗಳು ಬೆಟ್ಟದ ಮೇಲಿನ ಹಟ್ಟಿಗೆ ಹೋಗುತ್ತವೆ. ಅವುಗಳ ಹಿಂದೆ ಹೆಂಗಸರು ಹೋಗುತ್ತಾರೆ. ಹಾಲು ಕಾಯಿಸುವುದು, ಗಿಣ್ಣು ಮಾಡುವುದು, ತೆಳು ರೊಟ್ಟಿ ಸುಡುವುದು ಎಲ್ಲ ಅಲ್ಲಿಯೇ. ಅಲ್ಲಿರುವಷ್ಟು ದಿನ ತೋಳವನ್ನು ತೋಳ ಎನ್ನುವಂತಿಲ್ಲ. ಬೂದುಗಾಲ ಎನ್ನಬೇಕು, ಇಲ್ಲವೇ ಸುಮ್ಮನಿರಬೇಕು. ಹೆಸರು ಹಿಡಿದರೆ ತನ್ನನ್ನು ಕರೆದರೆಂದು ಅದು ಬಂದುಬಿಡುತ್ತದೆ ಎಂದು ಹಿಂದಿನವರು ನಂಬಿದ್ದರು. ಈಗ ಸಾವಿರದ ಒಂಬೈನೂರ ಎಪ್ಪತ್ತೆರಡನೇ ಇಸವಿ. ಆ ಕಾಡಿನಲ್ಲಿ ತೋಳದ ಹೆಜ್ಜೆ ಕಂಡು ಎಷ್ಟು ವರ್ಷವಾಯಿತೋ. ಹುಡುಗಿಯರು ಈ ಕಟ್ಟಳೆಗೆ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಬ್ರಿಟಾ ಮಾತ್ರ ಒಂದು ದಿನವೂ ನಕ್ಕವಳಲ್ಲ. ಅವಳ ಮುಂದೆ ಹಟ್ಟಿಯಲ್ಲಿ ಬೂದುಗಾಲನ ಸುದ್ದಿ ಎತ್ತಿದರೂ ಸೌದೆ ತರುವ ನೆಪದಲ್ಲಿ ಎದ್ದುಹೋಗುವಳು.

ಯುಲ್ವಾ ಎಂದರೆ ಹೆಣ್ಣು ತೋಳ. ಬಹಳ ಹಳೆಯ ಹೆಸರು. ಗಂಡಿಗೆ ಉಲ್ಫ್, ಹೆಣ್ಣಿಗೆ ಯುಲ್ವಾ. ಆ ಪ್ರಾಣಿಯ ಕಸುವು, ಎದೆಗಾರಿಕೆ ಮಗುವಿಗೂ ಬರಲಿ ಎಂದು ಹಿಂದಿನವರು ಇಡುತ್ತಿದ್ದರಂತೆ. ಪಟ್ಟಣದಲ್ಲಿ ಈ ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಗುನಿಲ್ಲಾ ಹುಟ್ಟಿ ಬೆಳೆದದ್ದು ಗೋಥೆನ್‌ಬರ್ಗ್ ಬಂದರಿನಲ್ಲಿ; ಹಟ್ಟಿಯ ಕಟ್ಟಳೆ ಅವಳಿಗೆ ಎಲ್ಲಿಂದ ತಿಳಿಯಬೇಕು? ತಿಳಿದಿದ್ದವನು ಹಾಲ್ವರ್. ಅರವತ್ತು ಅಡಿಯ ದೇವದಾರು ಮರ ಮೈಮೇಲೆ ಬೀಳುವಂತಿದ್ದರೂ ಕೊಡಲಿ ಬಿಡದ ಗಂಡಸು, ತಾಯಿಯ ಮುಂದೆ ಒಂದು ಹೆಸರು ಹೇಳಲು ನಾಲ್ಕು ತಿಂಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟರವರೆಗೆ ಮನೆಯಲ್ಲಿ ಎಲ್ಲರೂ ಮಗುವನ್ನು ಪುಟ್ಟಿ ಎಂದೇ ಕರೆದರು. ಪುಟ್ಟಿ ಎಂಬುದು ಅಕ್ಕರೆ ಎಂದು ಗುನಿಲ್ಲಾ ನಂಬಿದ್ದಳು. ಅದು ಗಂಡನ ಪುಕ್ಕಲುತನ ಎಂದು ಈಗ ಗೊತ್ತಾಯಿತು.

"ಬೇರೆ ಹೆಸರು ಇಟ್ರೆ ಆಗಲ್ವೇನೆ?" ಎಂದು ಅವನು ಕೊಟ್ಟಿಗೆಯ ಹತ್ತಿರ ಮೆಲ್ಲಗೆ ಕೇಳಿದ. "ಅಮ್ಮನ ಸ್ವಭಾವ ಗೊತ್ತಲ್ಲ."

"ಅವಳಿಗೆ ಹೆಸರು ಇಡೋದು ಬಾಕಿ ಇದೆ ಅಂದ್ಕೊಂಡಿದೀಯಾ ನೀನು?" ಗುನಿಲ್ಲಾ ಅವನಿಗೆ ಅಡ್ಡ ನಿಂತಳು. "ಇಟ್ಟಾಗಿದೆ ಹಾಲ್ವರ್. ನೀನು ಮರ ಕಡಿಯೋಕೆ ಹೋಗಿ ಕಾಡಲ್ಲಿ ಹಿಮಕ್ಕೆ ಸಿಕ್ಕಿಹಾಕ್ಕೊಂಡಿದ್ದಾಗಲೇ ಇಟ್ಟಾಗಿದೆ..."

ಮಾರ್ಚ್ ತಿಂಗಳಲ್ಲಿ, ದಿನ ತುಂಬಲು ಇನ್ನೂ ಏಳು ವಾರವಿರುವಾಗಲೇ ಮಗು ಹುಟ್ಟಿತ್ತು. ಎರಡು ಕೈ ಜೋಡಿಸಿದರೆ ಅದರೊಳಗೆ ಹಿಡಿಸುವಷ್ಟು ಕೂಸು. ಪಟ್ಟಣದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟರು. ಸೋಂಕು ತಾಗೀತೆಂದು ತಾಯಿಯನ್ನೂ ಮುಟ್ಟಲು ಬಿಡಲಿಲ್ಲ. ಮೂರನೇ ದಿನ ದಾದಿ ಬಂದು, ಚೀಟಿಯ ಮೇಲೆ ಬರೆಯಲು ಒಂದು ಹೆಸರು ಹೇಳಮ್ಮ ಎಂದಳು. ಆ ದನಿಯಲ್ಲಿದ್ದ ಮರುಕವೇ ಗುನಿಲ್ಲಾಳ ಎದೆಯನ್ನು ಹಿಂಡಿತು. ಹೆಸರಿಲ್ಲದೆ ಹೋಗಬಾರದು ಎಂದು ತಾನೆ ಇವರು ಕೇಳುತ್ತಿರುವುದು... ಅವಳಿಗೆ ಗೊತ್ತಿದ್ದ ಹೆಸರುಗಳಲ್ಲೆಲ್ಲ ಅತ್ಯಂತ ಗಟ್ಟಿಯಾದ ಹೆಸರು ಬಾಯಿಗೆ ಬಂತು. ಅಲ್ಲಿಂದ ಮೂವತ್ತೊಂದು ದಿನ ಅವಳು ಆ ಗಾಜಿಗೆ ಹಣೆ ಹಚ್ಚಿ ಯುಲ್ವಾ, ಯುಲ್ವಾ ಎಂದು ಕರೆದಳು. ಕೈ ಒಳಗೆ ಹೋಗುವಂತಿರಲಿಲ್ಲ, ಹಾಲು ಹೋಗುವಂತಿರಲಿಲ್ಲ. ಹೆಸರೊಂದೇ ಒಳಗೆ ಹೋಗುತ್ತಿತ್ತು. ಮೂವತ್ತೆರಡನೇ ದಿನ ಮಗುವನ್ನು ಮಡಿಲಿಗೆ ಕೊಟ್ಟರು.

ಹಾಲ್ವರ್ ತಲೆ ತಗ್ಗಿಸಿದ. ಇದೆಲ್ಲ ಅವನಿಗೂ ಗೊತ್ತು. ಆದರೂ ತಾಯಿಯ ಹತ್ತಿರ ಹೋಗಿ ಹೇಳಲು ಅವನ ಕಾಲು ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಪಂಚಾಂಗ ಕಾದಿತ್ತು. ಪ್ರತಿ ದಿನಕ್ಕೂ ಒಂದು ಹೆಸರು ಅಚ್ಚಾಗಿರುವ ಪಂಚಾಂಗ, ಅದರ ಮೇಲೊಂದು ಪೆನ್ಸಿಲು.

"ಮುನ್ನೂರ ಚಿಲ್ಲರೆ ಹೆಸರಿದೆ. ಯಾವುದಕ್ಕಾದ್ರೂ ಗುರುತು ಹಾಕು," ಎಂದಳು ಬ್ರಿಟಾ.

"ನನ್ನ ಮಗಳಿಗೆ ಮುನ್ನೂರು ಬೇಡ ಅತ್ತೆ, ಒಂದು ಸಾಕು. ಅದು ಇದೆ."

"ಬಂದರಿನವಳಿಗೆ ಏನು ಹೇಳಿ ಏನು ಪ್ರಯೋಜನ? ನೀವು ಮೀನಿನ ಜೊತೆ ಬೆಳೆದವರು. ಮೀನು ದೊಡ್ಡಿಗೆ ನುಗ್ಗಲ್ಲ ನೋಡು."

"ನಿಜ ಅತ್ತೆ. ನಮ್ಮೂರಲ್ಲಿ ಮೀನನ್ನ ಮೀನು ಅಂತಲೇ ಕರೀತೀವಿ. ಇದುವರೆಗೆ ಯಾವ ಮೀನೂ ಮನೆ ಬಾಗಿಲು ತಟ್ಟಿಲ್ಲ."

ಹಾಲ್ವರ್‌ಗೆ ಗಂಜಿ ನೆತ್ತಿಗೇರಿ ಕೆಮ್ಮು ಬಂತು. ಬ್ರಿಟಾಳ ಮುಖ ಗಂಟಿಕ್ಕಿತು. ಅವಳು ಎದ್ದು ಒಲೆಯ ಕಡೆ ತಿರುಗಿ ನಿಂತು ಹೇಳಿದ ಮಾತು ಗುನಿಲ್ಲಾಳ ಎದೆಗೆ ನೆಟ್ಟಿತು.

"ಹಾಗಾದ್ರೆ ಕೇಳು. ನಮ್ಮಲ್ಲಿ ಕೂಸನ್ನ ಪಾದ್ರಿ ಮುಂದಕ್ಕೆ ಎತ್ಕೊಂಡು ಹೋಗೋದು ಅಜ್ಜಿ. ಆ ಹೆಸರಾದ್ರೆ ನಾನು ಎತ್ತಲ್ಲ. ಅವತ್ತೂ ಎತ್ತಲ್ಲ, ಆಮೇಲೂ ಎತ್ತಲ್ಲ."

ಇದೇ ಬ್ರಿಟಾ, ಮಗು ಮನೆಗೆ ಬಂದ ದಿನದಿಂದ ಅದರ ಬಟ್ಟೆಯನ್ನು ಒಲೆಯ ಹತ್ತಿರ ಬೆಚ್ಚಗೆ ಮಾಡಿ ತೊಡಿಸುತ್ತಿದ್ದವಳು! ಯಾರೂ ನೋಡುತ್ತಿಲ್ಲವೆಂದುಕೊಂಡು ಅದರ ಹಿಮ್ಮಡಿಗೆ ಮುತ್ತಿಡುತ್ತಿದ್ದವಳು. ಗುನಿಲ್ಲಾಗೆ ತಾಯಿಯಿಲ್ಲ. ತನ್ನ ಮಗಳಿಗೆ ಇರುವುದು ಇದೊಂದೇ ಅಜ್ಜಿ. ಹೆಸರು ಉಳಿಸಿಕೊಂಡರೆ ಅಜ್ಜಿ ಹೋಗುತ್ತಾಳೆ, ಅಜ್ಜಿಯನ್ನು ಉಳಿಸಿಕೊಂಡರೆ ಗಾಜಿನಾಚೆಗೆ ಕರೆದ ಹೆಸರು ಹೋಗುತ್ತದೆ. ಅವಳು ಪಂಚಾಂಗವನ್ನು ಮುಚ್ಚಿಟ್ಟು ಮಗುವನ್ನು ಎದೆಗೊತ್ತಿಕೊಂಡು ಹೊರಗೆ ಹೋದಳು. ಅತ್ತದ್ದು ಹೊರಗೆ, ಬಟ್ಟೆ ಒಣಗಿಸುವ ಕಡೆ.

ಶನಿವಾರ ಮಧ್ಯಾಹ್ನ ಎಲ್ಲರೂ ಹಟ್ಟಿಗೆ ಹತ್ತಿದರು. ಮರುದಿನ ಎಪ್ಪತ್ತು ಜನರಿಗೆ ಕಾಫಿ, ರೊಟ್ಟಿ ಆಗಬೇಕು. ಮುನಿಸಿದೆಯೆಂದು ಕೆಲಸ ನಿಲ್ಲುತ್ತದೆಯೇ? ಬ್ರಿಟಾ ಹಟ್ಟಿಮನೆಯ ಒಲೆಯ ಮುಂದೆ ಕೂತು ಬಾರ್ಲಿ ಹಿಟ್ಟಿನ ತೆಳು ರೊಟ್ಟಿ ಲಟ್ಟಿಸುತ್ತಿದ್ದಳು, ಗುನಿಲ್ಲಾ ಉದ್ದನೆಯ ಕೋಲಿನಿಂದ ಅವನ್ನು ಮಗುಚುತ್ತಿದ್ದಳು. ಇಬ್ಬರ ನಡುವೆ ಹಿಟ್ಟು, ರೊಟ್ಟಿ, ಕೋಲು ಓಡಾಡಿದವೇ ಹೊರತು ಮಾತು ಓಡಾಡಲಿಲ್ಲ. ಅಷ್ಟರಲ್ಲಿ ಹಾಲ್ವರ್ ತನ್ನ ದೊಡ್ಡಮ್ಮ ಲಿಸ್ಬೆಟ್‌ಳನ್ನು ಬಸ್ಸಿನಿಂದ ಇಳಿಸಿ ಕರೆತಂದ. ಬ್ರಿಟಾಳ ಅಕ್ಕ, ಎಪ್ಪತ್ತರ ಹೆಂಗಸು. ಗಂಡ ತೀರಿಹೋದ ಮೇಲೆ ಪಟ್ಟಣದಲ್ಲಿ ಒಬ್ಬಳೇ ಇದ್ದಾಳೆ. ಬಾಯಿ ಜೋರು, ನಗೆ ಅದಕ್ಕಿಂತ ಜೋರು.

"ಎಲ್ಲಿ ನಮ್ಮ ಮೇಡಮ್ಮು? ಅಯ್ಯೋ, ಗಲ್ಲ ನೋಡು, ಬೆಣ್ಣೆ ಮುದ್ದೆ ಇಟ್ಟ ಹಾಗಿದೆ." ಲಿಸ್ಬೆಟ್ ಮಗುವನ್ನು ಎತ್ತಿಕೊಂಡು ಬೆಂಚಿನ ಮೇಲೆ ಕೂತಳು. "ನಾಳೆ ನಿನ್ನ ಏನಂತ ಕರೀಬೇಕೇ ನಾವು?"

ಹಾಲ್ವರ್ ಸೌದೆ ನೆನಪಾದವನಂತೆ ಹೊರಗೆ ಜಾರಿಕೊಂಡ.

"ಹೇಳು," ಎಂದಳು ಬ್ರಿಟಾ ಸೊಸೆಗೆ. "ಇಲ್ಲಿ ಹೇಳಕ್ಕಾಗಲ್ಲ ಅಲ್ವಾ? ನಿನಗೇ ಬಾಯಿ ಬರ್ತಿಲ್ಲ. ಅಕ್ಕಾ, ಇವಳು ಕೂಸಿಗೆ ಹೆಣ್ಣು ಬೂದುಗಾಲನ ಹೆಸರು ಇಡ್ತಾಳಂತೆ."

ಲಿಸ್ಬೆಟ್‌ಳ ಮುಖದಿಂದ ನಗೆ ಅಳಿಸಿಹೋಯಿತು.

"ಬ್ರಿಟಾ, ಅದನ್ನೆಲ್ಲ ಈಗ..." ಎಂದು ಅವಳು ಏನೋ ಹೇಳಹೋದಳು.

"ಈಗ್ಲೇ ಹೇಳಬೇಕು. ಅತ್ತೆ ಗಯ್ಯಾಳಿ ಅಂತ ಇವಳು ಅಂದ್ಕೊಂಡಿದಾಳೆ. ಅಂದ್ಕೊಳ್ಳಲಿ, ಆದ್ರೆ ಯಾಕೆ ಅಂತ ಗೊತ್ತಿರಲಿ." ಬ್ರಿಟಾ ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟಳು. "ಇದೇ ಹಟ್ಟಿ ಗುನಿಲ್ಲಾ. ನನಗೆ ಹನ್ನೆರಡು ವರ್ಷ, ಅಕ್ಕನಿಗೆ ಹದಿನೆಂಟು. ನಾವಿಬ್ರೇ ಕುರಿ ನೋಡ್ಕೋತಿದ್ವಿ. ಪಕ್ಕದ ಮನೆ ಹುಡುಗಿ ಒಬ್ಳು, ನಿನಗೆ ಆ ಹೆಸರು ಹೇಳೋ ಧೈರ್ಯ ಇಲ್ಲ, ನೀನು ಪುಕ್ಲಿ ಅಂತ ಇಡೀ ದಿನ ಕೆಣಕಿದ್ಲು. ಸಂಜೆ ನಾನು ಆ ಬಂಡೆ ಮೇಲೆ ನಿಂತ್ಕೊಂಡು ಕಾಡಿಗೆ ಕೇಳೋ ಹಾಗೆ ಕೂಗಿದೆ. ಒಂದ್ಸಲ ಅಲ್ಲ, ಬಾಯಿ ನೋಯೋವರೆಗೆ ಕೂಗಿದೆ. ಬೆಳಗಾಗೋದ್ರಲ್ಲಿ ಹನ್ನೊಂದು ಕುರಿ ಅಂಗಳದಲ್ಲಿ ಹರಿದು ಬಿದ್ದಿದ್ವು..."

ರೊಟ್ಟಿಯೊಂದು ಕಲ್ಲಿನ ಮೇಲೆ ಕರಕಾಗುತ್ತಿತ್ತು. ಗುನಿಲ್ಲಾ ಅದನ್ನು ಮಗುಚುವುದನ್ನೇ ಮರೆತಿದ್ದಳು.

"ಅಕ್ಕ ಕೊಟ್ಟಿಗೆಗೆ ಅಗಳಿ ಹಾಕಿದ್ಲು. ಹಾಕಿದ ಅಗಳಿ ಹಾಕಿದ ಹಾಗೇ ಇತ್ತು, ಕುರಿ ಮಾತ್ರ ಹೊರಗಿದ್ವು. ಅಂದ್ಮೇಲೆ ಕರೆದವರು ಇದಾರೆ ಅಂತ ತಾನೆ? ಊರೆಲ್ಲ ಹಾಗೇ ಅಂತು. ಅಪ್ಪ ನನ್ನ ಮುಖ ನೋಡೋದು ಬಿಟ್ರು. ಮುಂದಿನ ವರ್ಷ ಬೇರೆ ಊರಿಗೆ ಮನೆಗೆಲಸಕ್ಕೆ ಕಳಿಸಿದ್ರು. ಅಜ್ಜಿ ಇದ್ಲಲ್ಲ, ಸಾಯೋವರೆಗೂ ನನ್ನ ಹೆಸರು ಹಿಡಿದು ಕರೀಲಿಲ್ಲ. 'ಆ ಹುಡುಗಿ' ಅನ್ನೋಳು. 'ಆ ಹುಡುಗಿಗೆ ಊಟ ಹಾಕಿ' ಅನ್ನೋಳು. ಅಕ್ಕ ಒಬ್ಳೇ ನನ್ನ ಪರ ನಿಂತವಳು. ಅವಳು ಚಿಕ್ಕೋಳು, ಬಿಟ್ಬಿಡಿ ಅಂತ ಎಲ್ಲರ ಕಾಲು ಹಿಡಿದ್ಲು." ಬ್ರಿಟಾ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. "ನನ್ನ ಬಾಯಿಂದ ಒಂದು ಸಲ ಆದದ್ದು ಸಾಕು. ಈ ಕೂಸಿಗೆ ಏನಾದ್ರೂ ಆದ್ರೆ..."

ಗುನಿಲ್ಲಾ ನೋಡುತ್ತ ನಿಂತಳು. ಗಯ್ಯಾಳಿ ಅತ್ತೆ ಎಲ್ಲಿ ಹೋದಳೋ. ಅಲ್ಲಿ ಕೂತಿದ್ದವಳು ಹನ್ನೆರಡು ವರ್ಷದ ಹುಡುಗಿ. ಮಗುವಿಗೆ ಏನಾದರೂ ಆದರೆ ಎಂಬ ಭಯ ಎಂಥದ್ದೆಂದು ಗುನಿಲ್ಲಾಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಭಯವನ್ನು ಅವಳು ಮೂವತ್ತೊಂದು ದಿನ ಉಂಡಿದ್ದಳು, ಈ ಹೆಂಗಸು ಐವತ್ತೆರಡು ವರ್ಷದಿಂದ ಉಣ್ಣುತ್ತಿದ್ದಾಳೆ.

ಅವಳು ಕೋಲನ್ನು ಕೆಳಗಿಟ್ಟು ಅತ್ತೆಯ ಮುಂದೆ ಮಂಡಿಯೂರಿ ಕೂತಳು.

"ಆ ಹೆಸರು ಬೇಡ ಅತ್ತೆ. ಬಿಟ್ಟೆ. ಮಗು ಉಳಿಯೋಕೆ ಅಂತ ಇಟ್ಟಿದ್ದು, ಮಗು ಉಳೀತು. ಅಷ್ಟು ಸಾಕು ನನಗೆ. ನಾಳೆ ಪಾದ್ರಿಗಳು ಕೇಳಿದಾಗ ಬ್ರಿಟಾ ಅಂತ ಹೇಳಿ."

"ಏನು?"

"ನಿಮ್ಮ ಹೆಸರೇ ಅತ್ತೆ. ನಿಮ್ಮ ಅಜ್ಜಿ ಕರೀಲಿಲ್ಲ ಅಂದ್ರಲ್ಲ, ನಾವೆಲ್ಲ ಕರೀತೀವಿ. ದಿನಕ್ಕೆ ನೂರು ಸಲ ಕರೀತೀವಿ..."

ಬ್ರಿಟಾ ಹಿಟ್ಟು ಮೆತ್ತಿದ ಕೈಯಿಂದ ಸೊಸೆಯ ಕೆನ್ನೆಯನ್ನು ಮುಟ್ಟಿದಳು. ಮದುವೆಯಾಗಿ ಮೂರು ವರ್ಷದಲ್ಲಿ ಮೊದಲನೇ ಸಲ. ಆಗ ಬೆಂಚಿನಿಂದ ಒಂದು ಸದ್ದು ಬಂತು. ಮಗು ಅತ್ತಿತೇನೋ ಎಂದು ಇಬ್ಬರೂ ತಿರುಗಿದರು. ಅತ್ತದ್ದು ಲಿಸ್ಬೆಟ್.

"ತಗೋ, ಮಗುನ ತಗೋ," ಎಂದು ಅವಳು ಕೂಸನ್ನು ಗುನಿಲ್ಲಾಳ ಕೈಗೆ ಕೊಟ್ಟಳು. "ನಾನು ಇದನ್ನ ಎತ್ಕೊಂಡು ಇದನ್ನೆಲ್ಲ ಕೇಳ್ತಾ ಕೂರೋಕಾಗಲ್ಲ. ಈಗ ಈ ಹುಡುಗಿನೂ ತನ್ನ ಹೆಸರು ಕಳ್ಕೋಬೇಕಾ? ನನ್ನಿಂದ ಇವಳೂ ಕಳ್ಕೋಬೇಕಾ?"

"ನಿನ್ನಿಂದ ಏನಕ್ಕಾ?"

"ಅಗಳಿ ಹಾಕಿರಲಿಲ್ಲ ಬ್ರಿಟಾ."

ಲಿಸ್ಬೆಟ್ ನೆಲವನ್ನು ನೋಡುತ್ತಲೇ ಮಾತಾಡಿದಳು.

"ಅವತ್ತು ಶನಿವಾರ. ಶನಿವಾರ ಹುಡುಗರು ಹಟ್ಟಿಗೆ ಹುಡುಗೀರನ್ನ ನೋಡೋಕೆ ಬರ್ತಿದ್ದದ್ದು ನಿನಗೂ ಗೊತ್ತು. ನಿಮ್ಮ ಭಾವ ಬರ್ತಾರೆ ಅಂತ ನಾನು ಕಾಯ್ತಿದ್ದೆ. ಅಪ್ಪನಿಗೂ ಅವರ ಮನೆಯವರಿಗೂ ಹುಲ್ಲುಗಾವಲಿನ ಜಗಳ, ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಿದ್ರಾ? ಕುರಿ ಒಳಗೆ ಹೊಡೆದೆ, ಅಷ್ಟರಲ್ಲಿ ಅವರ ಸೀಟಿ ಕೇಳಿಸ್ತು. ಅಗಳಿ ಆಮೇಲೆ ಹಾಕಿದ್ರಾಯ್ತು ಅಂತ ಓಡಿದೆ. ಮರೆತೇಹೋಯ್ತು ಕಣೇ... ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದವಳು ನಾನು. ಬಾಗಿಲು ಮುಚ್ಚಿ, ಅಗಳಿ ಹಾಕಿ, ಆಮೇಲೆ ಕಿರುಚಿದೆ."

"ಅಕ್ಕಾ..."

"ನೀನು ಕೂಗಿದ್ದು ನನಗೆ ಗೊತ್ತೇ ಇರಲಿಲ್ಲ. ನೀನೇ ಬಂದು ನಾನು ಕರೆದೆ, ನಾನು ಕರೆದೆ ಅಂತ ಅಪ್ಪನ ಮುಂದೆ ಅತ್ತೆ. ಎಲ್ಲರೂ ನಂಬಿದ್ರು. ನಾನು ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ನಿನ್ನ ಬಟ್ಟೆ ಗಂಟು ಕಟ್ಟಿ ಕಳಿಸಿದ ದಿನ ಗಾಡಿ ಹಿಂದೆ ಓಡಿದ್ನಲ್ಲ, ಅವತ್ತು ಹೇಳಬೇಕು ಅಂತಲೇ ಓಡಿದ್ದು. ಆಗಲಿಲ್ಲ. ಆಮೇಲೆ ಹೇಳೋದು ವರ್ಷ ವರ್ಷ ಕಷ್ಟ ಆಗ್ತಾ ಹೋಯ್ತು. ನಿನಗೆ ನಾನು ತೋರಿಸಿದ ಪ್ರೀತಿ ಎಲ್ಲ ಸುಳ್ಳಲ್ಲ ಬ್ರಿಟಾ, ಆದ್ರೆ ಅದರೊಳಗೆ ಇದೂ ಇತ್ತು."

ಬ್ರಿಟಾ ಎದ್ದಳು. ಏಪ್ರನ್ನನ್ನೂ ಬಿಚ್ಚದೆ ಹೊರಗೆ ನಡೆದುಬಿಟ್ಟಳು. ಗುನಿಲ್ಲಾ ಮಗುವನ್ನು ಎತ್ತಿಕೊಂಡೇ ಹಿಂದೆ ಓಡಿದಳು. ಅತ್ತೆ ಅಂಗಳದ ಬೇಲಿಗೆ ಒರಗಿಕೊಂಡು ಕಾಡಿನ ಕಡೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ನಾನು ಕರೆದಿದ್ದಕ್ಕೆ ಬರಲಿಲ್ವಂತೆ ಕಣೇ," ಎಂದಳು. "ಬಾಗಿಲು ತೆಗೆದಿತ್ತು, ಬಂತು. ಅಷ್ಟೇ ಅಂತೆ... ಅಷ್ಟೇ."

"ಹೌದು ಅತ್ತೆ. ಅಷ್ಟೇ."

"ಹೊಟ್ಟೆಯೊಳಗಿಂದ ಒಂದು ಕಲ್ಲು ತೆಗೆದ ಹಾಗಿದೆ. ಕೋಪ ಬರಬೇಕು ಅಲ್ವಾ ನನಗೆ? ಬರುತ್ತೆ ಇರು, ನಾಳೆಯೋ ನಾಡಿದ್ದೋ ಬರುತ್ತೆ. ಈಗ ಉಸಿರಾಡೋಕೇ ಪುರುಸೊತ್ತಿಲ್ಲ."

ಬಾಗಿಲಲ್ಲಿ ಲಿಸ್ಬೆಟ್ ನಿಂತಿದ್ದಳು. ಒಳಗೆ ಹೋಗಲೋ ಹೊರಗೆ ಬರಲೋ ತಿಳಿಯದೆ ಹೊಸಿಲ ಮೇಲೆಯೇ ಉಳಿದಿದ್ದಳು. ಜೋರು ಬಾಯಿಯ ಹೆಂಗಸು ಅಷ್ಟು ಸಣ್ಣಗಾಗಿದ್ದನ್ನು ಗುನಿಲ್ಲಾ ನೋಡಿರಲಿಲ್ಲ.

"ಬ್ರಿಟಾ, ನಾನು ಸಂಜೆ ಬಸ್ಸಿಗೆ ಹೋಗ್ತೀನಿ," ಎಂದಳು.

ಬ್ರಿಟಾ ಅಕ್ಕನ ಕಡೆ ತಿರುಗಿದಳು. "ಎಲ್ಲಿಗೂ ಹೋಗೋ ಹಾಗಿಲ್ಲ. ಎಪ್ಪತ್ತು ಜನಕ್ಕೆ ರೊಟ್ಟಿ ಆಗಬೇಕು. ಇವತ್ತು ನನ್ನ ಮಾತಾಡಿಸಬೇಡ, ಲಟ್ಟಣಿಗೆ ಹಿಡಿ. ನಾಳೆ ನನ್ನ ಪಕ್ಕದಲ್ಲೇ ಕೂರು."

ಲಿಸ್ಬೆಟ್ ಒಳಗೆ ಹೋಗಿ ಲಟ್ಟಣಿಗೆ ಹಿಡಿದಳು. ಆ ಸಂಜೆಯವರೆಗೆ ಒಂದು ಮಾತೂ ಆಡದೆ ಅವಳು ಲಟ್ಟಿಸಿದ ರೊಟ್ಟಿ ಎಲ್ಲ ಸೊಟ್ಟಸೊಟ್ಟಗಿದ್ದವು. ಯಾರೂ ಹೆಸರಿಡಲಿಲ್ಲ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಹಟ್ಟಿಯ ಅಂಗಳದಲ್ಲಿ ಹಲಗೆ ಹಾಸಿದ ಬೆಂಚುಗಳ ಮೇಲೆ ಊರಿನವರು ಕೂತಿದ್ದರು. ಪಿಟೀಲಿನವರು ಇಬ್ಬರು ಒಂದು ಹಳೆಯ ನಡಿಗೆಯ ಧಾಟಿ ನುಡಿಸಿ ಮುಗಿಸಿದ್ದರು. ಪಾದ್ರಿ ಹೆಡ್ಮನ್ ಮರದ ಬೋಗುಣಿಯ ಮುಂದೆ ನಿಂತು ಕರೆದಾಗ ಬ್ರಿಟಾ ಎದ್ದು ಸೊಸೆಯ ಮುಂದೆ ಕೈ ಚಾಚಿದಳು. ಗುನಿಲ್ಲಾ ಮಗುವನ್ನು ಕೊಟ್ಟಳು. ಹೆಸರಿನ ವಿಷಯ ಆಮೇಲೆ ಇಬ್ಬರೂ ಎತ್ತಿರಲಿಲ್ಲ. ಬ್ರಿಟಾ ಎಂದೇ ಆಗಲಿ ಎಂದು ಗುನಿಲ್ಲಾ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಬೆಳಿಗ್ಗೆ ಹಾಲು ಕುಡಿಸುವಾಗ ಮಗುವಿನ ಕಿವಿಯಲ್ಲಿ ಆ ಹಳೆಯ ಹೆಸರನ್ನು ಕೊನೆಯ ಸಲ ಹೇಳಿ ಮುಗಿಸಿದ್ದಳು. ಪಕ್ಕದಲ್ಲಿ ಹಾಲ್ವರ್ ಅವಳ ಕೈ ಹಿಡಿದುಕೊಂಡ. ಅವನ ಅಂಗೈ ಬೆವರಿತ್ತು.

"ಈ ಮಗುವಿನ ಹೆಸರೇನು?" ಎಂದು ಪಾದ್ರಿಗಳು ಕೇಳಿದರು.

ಬ್ರಿಟಾ ಒಮ್ಮೆ ಕಾಡಿನ ಕಡೆ ನೋಡಿದಳು. ಆಮೇಲೆ ಮಗುವಿನ ಮುಖ ನೋಡಿದಳು.

"ಯುಲ್ವಾ," ಎಂದಳು.

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಆ ಹಳೆಯ ಕಥೆ ನೆನಪಿದ್ದವರೂ ಇದ್ದರು.

"ಹಿಂದೆ ಕೂತವರಿಗೆ ಕೇಳಿಸ್ಲಿಲ್ಲ ಅಂತ ಕಾಣುತ್ತೆ," ಎಂದು ಬ್ರಿಟಾ ದನಿ ಎತ್ತರಿಸಿದಳು. "ಯುಲ್ವಾ ಅಂದೆ. ಈ ಕೂಸು ಸತ್ತೇಹೋಗುತ್ತೆ ಅಂದಿದ್ರಂತೆ ಡಾಕ್ಟ್ರು. ಇವಳ ಅವ್ವ ಹೆಸರು ಹಿಡಿದು ಕರೆದ್ಲು, ಇವಳು ಬಂದ್ಲು. ನನ್ನ ಮಗ ರಾತ್ರಿ ಎಲ್ಲ ಹೇಳಿದಾನೆ ನನಗೆ. ಕೊನೆಗೂ ಬಾಯಿ ಬಿಟ್ಟ ಪುಣ್ಯಾತ್ಮ."

ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗುನಿಲ್ಲಾ ಗಂಡನ ಕಡೆ ತಿರುಗಿದಳು. ಅವನು ಕಿವಿಯವರೆಗೆ ಕೆಂಪಾಗಿ ಬೂಟು ನೋಡಿಕೊಳ್ಳುತ್ತಿದ್ದ. ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಬೇಕೆಂದೂ ಅನಿಸಲಿಲ್ಲ. ಪಾದ್ರಿಗಳು ನೀರು ಹಾಕಿದರು, ಹೆಸರು ಹಿಡಿದು ಹರಸಿದರು. ಕಾಡಿನ ಕಡೆಯಿಂದ ಒಂದು ಹಸುವಿನ ಗಂಟೆಯ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ಬ್ರಿಟಾ ಹಿಂದಿರುಗಿ ಬಂದು ಅಕ್ಕನ ಪಕ್ಕದಲ್ಲಿ ಧೊಪ್ಪನೆ ಕೂತಳು. ಕೂತವಳು ಮುಖ ಸಿಂಡರಿಸಿ ತೊಡೆಯನ್ನು ಮುಟ್ಟಿ ನೋಡಿಕೊಂಡಳು.

"ತಗೋ ಗುನಿಲ್ಲಾ, ಹಿಡ್ಕೋ ನಿನ್ನ ಯುಲ್ವಾನ," ಎಂದಳು. "ನನ್ನ ಹೊಸ ಲಂಗ ಪೂರ್ತಿ ಒದ್ದೆ ಮಾಡಿದಾಳೆ."